ಸಂತೆಯಲ್ಲಿ, ಹೊಲದಲ್ಲಿ, ನೆರೆಮನೆಯ ಹೊಸ್ತಿಲಲ್ಲಿ ಆತ್ಮಿಕ ಸಮರ

2024ರ ಮಾರ್ಚ್ 11, ಸೋಮವಾರ. ತಪಸ್ಸುಕಾಲದ ನಾಲ್ಕನೆಯ ವಾರ. ಅಂದು ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ದರ ಹಠಾತ್ತನೆ ಕುಸಿಯಿತೆಂದು ರೊಚ್ಚಿಗೆದ್ದ ರೈತರು ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದರು. ಕಲ್ಲುಗಳು ತೂರಿಬಂದವು, ವಾಹನಗಳು ಹೊತ್ತಿ ಉರಿದವು. ತಿಂಗಳುಗಟ್ಟಲೆ ಬೆವರು ಸುರಿಸಿ ಬೆಳೆದ ಫಸಲು ಕಣ್ಣೆದುರಿಗೇ ಅಗ್ಗವಾಗುವುದನ್ನು ಕಂಡ ರೈತನ ಸಂಕಟ ಸುಳ್ಳಲ್ಲ. ಆದರೆ ಆ ಹೊಗೆಯ ನಡುವೆ ವೈರಿ ಯಾರೆಂದು ಕೇಳಿದ್ದರೆ ಒಬ್ಬನು ದಲಾಲನತ್ತ, ಇನ್ನೊಬ್ಬನು ಖರೀದಿದಾರನತ್ತ, ಮತ್ತೊಬ್ಬನು ಅಧಿಕಾರಿಯತ್ತ ಬೆರಳು ತೋರಿಸುತ್ತಿದ್ದನು.

ಎಫೆಸದ ಕ್ರೈಸ್ತರಿಗೆ ಬರೆದ ಪತ್ರದ ಆರನೆಯ ಅಧ್ಯಾಯದಲ್ಲಿ ಸಂತ ಪೌಲರು ಎತ್ತಿಕೊಳ್ಳುವುದು ಈ ಪ್ರಶ್ನೆಯನ್ನೇ. ನಮ್ಮ ಹೋರಾಟ ನಮ್ಮಂತೆಯೇ ಮೈಯುಳ್ಳ ಮನುಷ್ಯರೊಡನೆಯಲ್ಲ, ಕಣ್ಣಿಗೆ ಕಾಣದ ದುಷ್ಟಶಕ್ತಿಯೊಡನೆ ಎಂಬುದು ಅವರ ನಿಲುವು. ಹಾಗಾಗಿ ಆತ್ಮಿಕ ಸಮರದಲ್ಲಿ ನೆರೆಯವನನ್ನು ವೈರಿಯೆಂದು ತಿಳಿಯುವುದೇ ಮೊದಲ ಸೋಲು. ಅನ್ಯಾಯವನ್ನು ಅನ್ಯಾಯವೆಂದು ಹೇಳಬಾರದೆಂದು ಇದರ ಅರ್ಥವಲ್ಲ. ತಕ್ಕಡಿಯ ಮುಂದೆ ನಿಂತು ನ್ಯಾಯ ಕೇಳುವುದು ರೈತನ ಹಕ್ಕು. ಕೇಳುವವನ ಎದೆಯೊಳಗೆ ದ್ವೇಷ ಮನೆಮಾಡದಿರಲಿ ಎಂಬುದಷ್ಟೇ ಅಪೊಸ್ತಲರ ಕಳಕಳಿ. ಕತ್ತಿ ಹಿಡಿದಿದ್ದ ದಂಡನಾಯಕನು ಅದನ್ನು ಕೆಳಗಿಟ್ಟು ದಾಸನಾದ ಕಥೆಯನ್ನು ಹೇಳಿಕೊಂಡು ಬಂದಿರುವ ಕನಕದಾಸರ ಕಾಗಿನೆಲೆ ಇದೇ ಬ್ಯಾಡಗಿ ತಾಲ್ಲೂಕಿನಲ್ಲಿದೆ. ಹೊರಗಿನ ಯುದ್ಧಕ್ಕಿಂತ ಒಳಗಿನ ಯುದ್ಧ ಕಠಿಣವೆಂಬುದು ಈ ಸೀಮೆಯ ಜನರಿಗೆ ಹೊಸ ಪಾಠವೇನಲ್ಲ.

ಪೌಲರು ಪಟ್ಟಿಮಾಡುವ ಆಯುಧಗಳಲ್ಲಿ ಸತ್ಯದ ನಡುಪಟ್ಟಿ, ನೀತಿಯ ಕವಚ, ವಿಶ್ವಾಸದ ಗುರಾಣಿಗಳ ಮೇಲೆ ಪ್ರಸಂಗಗಳು ಸಾಕಷ್ಟಾಗಿವೆ. ಕಡಿಮೆ ಮಾತಾಗಿರುವುದು ಪಾದರಕ್ಷೆಯ ಬಗ್ಗೆ. ಶಾಂತಿಯ ಶುಭಸಂದೇಶವನ್ನು ಒಯ್ಯುವ ಸಿದ್ಧತೆಯನ್ನು ಅವರು ಹೋಲಿಸಿರುವುದು ಕಾಲಿನ ಕೆರಕ್ಕೆ, ಕತ್ತಿಗಲ್ಲ. ವಿಶ್ವಾಸವನ್ನು ಹಂಚಿಕೊಳ್ಳುವುದೆಂದರೆ ನಡೆದು ಹೋಗುವುದು. ನಮ್ಮ ಕಡೆಯಲ್ಲಂತೂ ನೆರೆಮನೆಯ ಹೊಸ್ತಿಲು ಬಂದೊಡನೆ ಆ ಕೆರವನ್ನೂ ಕಳಚಿಟ್ಟು ಒಳಗೆ ಹೋಗುವುದು ವಾಡಿಕೆ.

ಪಿಶಾಚಿಯ ವಿಷಯದಲ್ಲಿ ನಮ್ಮ ಕುಟುಂಬಗಳಲ್ಲೂ ಗೊಂದಲ ಉಳಿದಿದೆ. ಭಾನುವಾರ ಪರಮಪ್ರಸಾದ ಸ್ವೀಕರಿಸಿದವರೇ ಅಮಾವಾಸ್ಯೆಯ ದಿನ ಅಂಗಡಿಯ ಬಾಗಿಲಿಗೆ ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟುವುದುಂಟು. ಮಗು ರಚ್ಚೆ ಹಿಡಿದರೆ ದೃಷ್ಟಿ ತೆಗೆದು ಮೆಣಸಿನಕಾಯಿಯನ್ನು ಒಲೆಗೆ ಹಾಕುವುದುಂಟು. (ಬ್ಯಾಡಗಿಯಲ್ಲಿ ಮೆಣಸಿನಕಾಯಿಗೆ ಬರವಿಲ್ಲ, ನಿಜ!) ಕೆಲವರು ಇನ್ನೂ ಮುಂದೆ ಹೋಗಿ, ದೆವ್ವ ಬಿಡಿಸುತ್ತೇನೆಂದು ಅಬ್ಬರಿಸುವವರ ಹಿಂದೆ ಓಡುತ್ತಾರೆ. 1983ರ ಧರ್ಮಸಭೆಯ ಕಾನೂನುಸಂಹಿತೆಯ 1172ನೆಯ ನಿಯಮದಂತೆ, ಆಯಾ ಸ್ಥಳದ ಧರ್ಮಾಧಿಕಾರಿಯ ವಿಶೇಷ ಅನುಮತಿಯಿಲ್ಲದೆ ಯಾರೂ ಭೂತೋಚ್ಚಾಟನೆಗೆ ಕೈಹಾಕುವಂತಿಲ್ಲ. ಆ ಅನುಮತಿ ದೊರೆಯುವುದು ಗುರುಗಳಿಗೆ ಮಾತ್ರ. ರಾಜ್ಯವೂ ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯಲು 2017ರಲ್ಲಿ ಕಾಯ್ದೆ ರೂಪಿಸಿತು. ಇಷ್ಟಾದರೂ ಸೈತಾನನು ಬರಿಯ ಕಟ್ಟುಕಥೆಯೆಂದು ಧರ್ಮಸಭೆ ಹೇಳುವುದಿಲ್ಲ. ದಿವಂಗತ ಪೋಪ್ ಫ್ರಾನ್ಸಿಸ್‌ರವರು 2018ರ ಪ್ರೇಷಿತ ಬೋಧನಾಪತ್ರದಲ್ಲಿ, ಅವನನ್ನು ಬರಿಯ ಸಂಕೇತವೆಂದು ಭಾವಿಸಿದರೆ ನಾವು ಮೈಮರೆಯುತ್ತೇವೆಂದು ಎಚ್ಚರಿಸಿದ್ದಾರೆ. ಅವನು ಬರುವುದು ಗೆಜ್ಜೆ ಕಟ್ಟಿಕೊಂಡಲ್ಲ, ಸದ್ದಿಲ್ಲದೆ.

ಹೇಗೆಂಬುದನ್ನು ರಾಣೇಬೆನ್ನೂರಿನ ಬೀಜೋತ್ಪಾದಕರು ಬಲ್ಲರು. ಆ ಸೀಮೆಯ ಹೊಲಗಳಲ್ಲಿ ಹತ್ತಿ ಮತ್ತು ತರಕಾರಿಗಳ ಸಂಕರಣ ಬೀಜ ತಯಾರಾಗುತ್ತದೆ. ಸಂಜೆಯ ಹೊತ್ತು ಹೆಣ್ಣುಮಕ್ಕಳು ಮೊಗ್ಗು ಬಿಡಿಸಿ ಕೇಸರಗಳನ್ನು ತೆಗೆಯುತ್ತಾರೆ. ಮರುದಿನ ಬೆಳಿಗ್ಗೆ ಬೇರೆ ತಳಿಯ ಪರಾಗವನ್ನು ಮುಟ್ಟಿಸುತ್ತಾರೆ. ದಣಿವಿನಿಂದಲೋ ಅವಸರದಿಂದಲೋ ನಾಲ್ಕು ಮೊಗ್ಗುಗಳನ್ನು ಹಾಗೆಯೇ ಬಿಟ್ಟರೆ ಅಂದು ಯಾರಿಗೂ ತಿಳಿಯದು. ಬೀಜ ನೋಡಲು ಒಂದೇ ತೆರ. ತಿಳಿಯುವುದು ಮುಂದಿನ ಹಂಗಾಮಿನಲ್ಲಿ, ಎಲ್ಲೋ ದೂರದ ರೈತನ ಹೊಲದಲ್ಲಿ ಬೆರಕೆ ಗಿಡ ಎದ್ದಾಗ. ಮತ್ತಾಯನ ಶುಭಸಂದೇಶದ ಹದಿಮೂರನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಸಾಮತಿಯಲ್ಲೂ ಹಗೆಯು ಕಳೆ ಬಿತ್ತಿ ಹೋಗುವುದು ಎಲ್ಲರೂ ಮಲಗಿದ್ದಾಗಲೇ. ಯಾರೂ ನೋಡದ ಆ ನಾಲ್ಕು ಮೊಗ್ಗುಗಳನ್ನು ಬಿಡದ ಕೂಲಿಯಾಳು, ಒದ್ದೆಮಾಡಿ ತೂಕ ಹೆಚ್ಚಿಸದೆ ಒಣಗಿದ ಕಾಯಿಯನ್ನೇ ಚೀಲಕ್ಕೆ ತುಂಬಿದ ರೈತ, ಇವರು ಅಂದು ಸೈತಾನನನ್ನು ಸೋಲಿಸಿದ್ದಾರೆ. ಇದನ್ನು ನಾವು ಎಷ್ಟು ಸಲ ಪ್ರಾರ್ಥನಾಕೂಟಗಳಲ್ಲಿ ಸಾಕ್ಷ್ಯವೆಂದು ಎಣಿಸಿದ್ದೇವೆ?

ಲೊಯೋಲದ ಸಂತ ಇಗ್ನಾಸಿಯವರು ತಮ್ಮ ಆಧ್ಯಾತ್ಮಿಕ ಸಾಧನೆಯ ಗ್ರಂಥದಲ್ಲಿ ವೈರಿಯ ಇನ್ನೊಂದು ಗುಣವನ್ನು ಗುರುತಿಸಿದ್ದಾರೆ. ಅವನಿಗೆ ಗುಟ್ಟು ಬೇಕು. ಮಾತು ಹೊರಬಿದ್ದರೆ ಅವನ ಆಟ ಅರ್ಧ ಮುಗಿದಂತೆ. ಹಾವೇರಿ ಜಿಲ್ಲೆಯ ಮನೆಗಳಲ್ಲಿ ಇದು ಪ್ರಾಣದ ಪ್ರಶ್ನೆ. ಹೆಂಡತಿಗೆ ಹೇಳದೆ ಮಾಡಿದ ಕೈಗಡ, ಮಕ್ಕಳಿಂದ ಮುಚ್ಚಿಟ್ಟ ಕುಡಿತ, ಇನ್ನು ದಾರಿಯೇ ಇಲ್ಲವೆಂದು ರಾತ್ರಿ ಎದೆಯಲ್ಲಿ ಪಿಸುಗುಟ್ಟುವ ದನಿ. ಸಾಲದ ಹೊರೆ ತಾಳಲಾರದೆ ಜೀವ ಕಳೆದುಕೊಂಡ ರೈತರ ಸುದ್ದಿ ಈ ಜಿಲ್ಲೆಗೆ ಹೊಸದಲ್ಲ. ಆ ದನಿಯನ್ನು ಒಬ್ಬನೇ ಎದುರಿಸಬೇಕಾಗಿಲ್ಲ. ಮನೆಯವರಿದ್ದಾರೆ, ಪಾಪನಿವೇದನೆ ಕೇಳುವ ಗುರುಗಳಿದ್ದಾರೆ, ಹಗಲಿರುಳು ಉತ್ತರಿಸುವ ಸರಕಾರದ ಟೆಲಿ ಮಾನಸ್ 14416 ಇದೆ. ವೈದ್ಯರ ಬಳಿ ಹೋಗುವುದು ವಿಶ್ವಾಸದ ಕೊರತೆಯೆಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಅಂಥ ಮನೆಗೆ ಸಂಜೆ ಜಪಸರ ಹಿಡಿದು ನಾಲ್ವರು ಹೋಗಿ, ಪ್ರಾರ್ಥಿಸಿ, ಬರಿಗೈಯಲ್ಲಿ ಹೋಗದೆ ಒಂದು ಸೇರು ಜೋಳ ಕೊಟ್ಟು ಬಂದರೆ ಅದು ಚಿಕ್ಕ ಕೆಲಸವಲ್ಲ.

ಕೊಟ್ಟದ್ದಕ್ಕೆ ಪ್ರತಿಯಾಗಿ ಏನನ್ನೂ ಕೇಳಬಾರದು. ಬಲವಂತ, ವಂಚನೆ, ಆಮಿಷಗಳಿಂದ ಮತಾಂತರ ಮಾಡುವುದನ್ನು ನಿಷೇಧಿಸುವ ಕಾಯ್ದೆ ನಮ್ಮ ರಾಜ್ಯದಲ್ಲಿ 2022ರಲ್ಲಿ ಬಂದಾಗ ಧರ್ಮಾಧ್ಯಕ್ಷರು ವಿರೋಧಿಸಿದರು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. ಈ ಚರ್ಚೆಯಿಂದ ಕೆಲವರು ಅಂಜಿ ಕೊರಳಿನ ಶಿಲುಬೆಯನ್ನೇ ಮರೆಮಾಡಿದರು, ಕೆಲವರು ಬೀದಿಯಲ್ಲಿ ಸವಾಲು ಹಾಕಿದರು. ಎರಡೂ ಬೇಕಿರಲಿಲ್ಲ. ಬಡವರನ್ನೂ ಓದುಬರಹ ಅರಿಯದವರನ್ನೂ ಒತ್ತಾಯದಿಂದಾಗಲಿ ಅನುಚಿತ ಪ್ರೇರಣೆಯಿಂದಾಗಲಿ ಸೆಳೆಯಬಾರದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್ 7ರಂದೇ, ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯಲ್ಲಿ ಸಾರಿತ್ತು. ಸಂತ ಪೇತ್ರರು ಹೇಳುವುದೂ ಇಷ್ಟೇ: ಕೇಳಿದವರಿಗೆ ಉತ್ತರ ಸಿದ್ಧವಿರಲಿ, ಉತ್ತರದಲ್ಲಿ ವಿನಯವೂ ಗೌರವವೂ ಇರಲಿ.

ಕೇಳುವವರು ಕೇಳಿಯೇ ಕೇಳುತ್ತಾರೆ. ಮಾತು ಬಿಟ್ಟಿದ್ದ ಓರಗಿತ್ತಿಯ ಬಾಣಂತನಕ್ಕೆ ತಾನಾಗಿ ಹೋಗಿ ನಿಂತ ಹೆಣ್ಣುಮಗಳನ್ನು ಪಕ್ಕದ ಮನೆಯಾಕೆ, “ಅಷ್ಟೆಲ್ಲಾ ಅಂದಾಕಿ ಮನೀಗೆ ಹೆಂಗ ಹೋದೆವ್ವಾ ನೀ?” ಎಂದು ಕೇಳಬಹುದು. ಆಗ ದೊಡ್ಡ ಪ್ರಸಂಗವೇನೂ ಬೇಡ. “ನನಗೂ ಸಿಟ್ಟು ಇತ್ತರೀ ಅಕ್ಕಾ. ನಮ್ಮ ಯೇಸುಸ್ವಾಮಿ ಮುಂದ ಕುಂತು ಅತ್ತೆ, ಆಮ್ಯಾಲೆ ಹೋದೆ.”