ವೇಗಕ್ಕೆ ಲಗಾಮು: ಹೊಸ ಕಂಪ್ಯೂಟರಿನಲ್ಲಿ ಹಳೆಯ ಆಟ

ಗ್ರಾಂಟ್ ರೋಡ್ ಸ್ಟೇಷನ್ ಬಳಿಯ ಲ್ಯಾಮಿಂಗ್ಟನ್ ರೋಡು ಮುಂಬಯಿಯ ಕಂಪ್ಯೂಟರ್ ಪೇಟೆ. ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ ದೊರೆತದ್ದು 1995ರ ಆಗಸ್ಟ್‌ನಲ್ಲಿ. ಅದಕ್ಕೂ ಮುಂಚೆ ಆಟಗಳು ಮನೆಗೆ ಬರುತ್ತಿದ್ದುದು ಫ್ಲಾಪಿಗಳಲ್ಲಿ. ಡೊಂಬಿವಲಿ, ಮುಲುಂಡ್‌ಗಳ ಕನ್ನಡಿಗರ ಮನೆಯ ಅಟ್ಟ ಹುಡುಕಿದರೆ ಒಂದೆರಡು ಈಗಲೂ ಸಿಕ್ಕಾವು.

ಆದರೆ ಅವನ್ನು ಆಡಲು ಹೊರಟವರಿಗೆ ಎದುರಾಗುವುದು ವಿಚಿತ್ರ ತೊಡಕು: ಕಂಪ್ಯೂಟರ್ ತೀರಾ ಚುರುಕು! 1981ರ ಐಬಿಎಂ ಪಿಸಿಯ ವೇಗ 4.77 ಮೆಗಾಹರ್ಟ್ಸ್. ಹಲವು ಆಟಗಳು ಗಡಿಯಾರ ನೋಡದೆ, ಪ್ರೊಸೆಸರಿನ ವೇಗವನ್ನೇ ನಂಬಿ ಓಡುತ್ತಿದ್ದವು. ಯಂತ್ರ ಹತ್ತು ಪಟ್ಟು ವೇಗವಾದರೆ ಶತ್ರುವೂ ಹತ್ತು ಪಟ್ಟು ವೇಗವಾಗಿ ಮೇಲೆರಗುತ್ತಾನೆ. 1990ರ 'ವಿಂಗ್ ಕಮಾಂಡರ್' ಇದಕ್ಕೆ ಹೆಸರುವಾಸಿ. ಹಳೆಯ ಪಿಸಿಗಳ 'ಟರ್ಬೋ' ಗುಂಡಿ ಇದ್ದದ್ದೂ ಇದಕ್ಕೇ. ಹೆಸರು ಟರ್ಬೋ, ನಿಜವಾದ ಉಪಯೋಗ ಬೇಕಾದಾಗ ನಿಧಾನ ಮಾಡುವುದು.

ಆ ಗುಂಡಿ ಮಾಯವಾದ ಮೇಲೆ ಕೈಹಿಡಿದದ್ದು 'ಮೋಸ್ಲೋ' ಎಂಬ ಪುಟ್ಟ ಶೇರ್‌ವೇರ್. ಹೆಸರಿನಲ್ಲಿ ಮೋಸ ಕೇಳಿಸಿದರೂ ಕೆಲಸ ಪ್ರಾಮಾಣಿಕ: ಪ್ರೊಸೆಸರಿನ ಸಮಯದಲ್ಲಿ ಒಂದಷ್ಟು ಪಾಲನ್ನು ತಾನೇ ನುಂಗಿ, ಆಟಕ್ಕೆ ಉಳಿದದ್ದನ್ನು ಬಿಡುತ್ತದೆ. ಶೇಕಡಾ ಎಷ್ಟು ವೇಗ ಬೇಕು, ಯಾವ ಆಟ ಎಂದು ಒಂದು ಸಾಲು ಬರೆದರೆ ಸಾಕು. ಆ ಸಾಲನ್ನೇ ಬ್ಯಾಚ್ ಫೈಲಿನಲ್ಲಿ ಉಳಿಸಿಟ್ಟರೆ ಮತ್ತೆ ಟೈಪ್ ಮಾಡುವ ಗೋಜಿಲ್ಲ.

ಇಂದಿನ 64 ಬಿಟ್ ವಿಂಡೋಸ್ ಹಳೆಯ ಡಾಸ್ ಆಟಗಳನ್ನು ನೇರವಾಗಿ ಓಡಿಸುವುದೇ ಇಲ್ಲ. ಅಲ್ಲಿ ನೆರವಾಗುವುದು 2002ರಿಂದ ಇರುವ, ಪುಕ್ಕಟೆಯ ಡಾಸ್‌ಬಾಕ್ಸ್. ಅದರ ಕಾನ್ಫಿಗ್ ಫೈಲಿನಲ್ಲಿ ಎರಡು ಜಾಗ ಮುಖ್ಯ. 'ಸೈಕಲ್ಸ್' ವೇಗದ ಲಗಾಮು, 3000ದಿಂದ ಆರಂಭಿಸಿ. ಆಡುವಾಗ ಕಂಟ್ರೋಲ್ ಜೊತೆ ಎಫ್11 ಒತ್ತಿದರೆ ನಿಧಾನ, ಎಫ್12 ಒತ್ತಿದರೆ ವೇಗ. ಸರಿಹೊಂದಿದ ಸಂಖ್ಯೆಯನ್ನು ಫೈಲಿಗೆ ಬರೆದಿಡಿ. ಕೊನೆಯ 'ಆಟೋಎಕ್ಸೆಕ್' ಭಾಗದಲ್ಲಿ ಫೋಲ್ಡರನ್ನು ಸಿ ಡ್ರೈವ್ ಆಗಿ ಜೋಡಿಸುವ, ಅದರೊಳಗೆ ಹೋಗುವ, ಆಟ ಶುರುಮಾಡುವ, ಮುಗಿದೊಡನೆ ಹೊರಬರುವ ಆದೇಶಗಳನ್ನು ಸಾಲಾಗಿ ಬರೆಯಿರಿ. ಪ್ರತಿ ಆಟಕ್ಕೂ ಇಂಥದೊಂದು ಫೈಲು, ಡೆಸ್ಕ್‌ಟಾಪಿನಲ್ಲಿ ಒಂದು ಶಾರ್ಟ್‌ಕಟ್. ಇಷ್ಟಾದರೆ ಡಾಸ್ ಎಂದರೇನೆಂದು ತಿಳಿಯದ ಮಗುವೂ ಎರಡು ಕ್ಲಿಕ್‌ನಲ್ಲಿ ಆಡಬಹುದು.

ಈ ಏರ್ಪಾಡು ಬರೀ ಅನುಕೂಲಕ್ಕಲ್ಲ. ಯಾವ ಆಟಕ್ಕೆ ಯಾವ ಸಂಖ್ಯೆ ಎಂಬುದು ಒಬ್ಬರ ತಲೆಯಲ್ಲೇ ಉಳಿದರೆ ಅವರೊಂದಿಗೇ ಕಳೆದುಹೋಗುತ್ತದೆ. ಫೈಲಿನಲ್ಲಿದ್ದರೆ ಮುಂದಿನವರಿಗೂ ದಕ್ಕುತ್ತದೆ. ಫ್ಲಾಪಿಗಳ ಕಾಂತೀಯ ಪದರವಂತೂ ಮುಂಬಯಿಯ ಮಳೆಗಾಲದ ತೇವದಲ್ಲಿ ಬಹುಕಾಲ ಬಾಳದು. ಯುಎಸ್‌ಬಿ ಫ್ಲಾಪಿ ಡ್ರೈವ್ ಸಿಕ್ಕರೆ ಈ ವಾರವೇ ನಕಲು ಮಾಡಿಟ್ಟುಕೊಳ್ಳಿ.

ಇನ್ನೊಂದು ಮಾತು. ಬಳಸಿ ನೋಡಿ, ಹಿಡಿಸಿದರೆ ಹಣ ಕೊಡಿ ಎಂಬುದು ಶೇರ್‌ವೇರಿನ ನಂಬಿಕೆ. 1993ರ 'ಡೂಮ್' ಮೊದಲ ಕಂತನ್ನು ಹಾಗೆಯೇ ಹಂಚಿತ್ತು. ಆಗ ಇಲ್ಲಿಂದ ಡಾಲರ್ ಕಳಿಸುವುದು ಸುಲಭವಿರಲಿಲ್ಲ. ಈಗ ಹಲವು ಹಳೆಯ ಆಟಗಳು ಡಾಸ್‌ಬಾಕ್ಸ್ ಸಮೇತ ಕ್ರಮಬದ್ಧವಾಗಿಯೇ ಮಾರಾಟಕ್ಕಿವೆ. ಹಿಡಿಸಿದ್ದಕ್ಕೆ ಬೆಲೆ ಕೊಡಲು ಇನ್ನು ನೆಪ ಬೇಡ.