ಮುಳ್ಳು ಸವೆದರೆ ಹಾಡೂ ಸವೆಯುತ್ತದೆ

ಸೂಟ್‌ಕೇಸಿನಂಥ ರೆಕಾರ್ಡ್ ಪ್ಲೇಯರ್ ಆನ್‌ಲೈನಲ್ಲಿ ತರಿಸಿಕೊಂಡ ಗೆಳೆಯರು ಈಗ ಹಾವೇರಿ ಕಡೆಯೂ ಸಿಗುತ್ತಾರೆ. ಪ್ಲೇಯರಿನ ಬಣ್ಣ ತೋರಿಸುತ್ತಾರೆ, ರೀಲ್ಸ್ ಮಾಡುತ್ತಾರೆ. ‘ಸ್ಟೈಲಸ್ ಯಾವಾಗ ಒರೆಸಿದ್ದೆ?’ ಎಂದು ಕೇಳಿದರೆ ಮಾತ್ರ ಮುಖ ಮುಖ ನೋಡುತ್ತಾರೆ. ಸ್ಟೈಲಸ್ ಅಂದರೆ ಪ್ಲೇಟಿನ ಗೆರೆಯಲ್ಲಿ ಓಡುವ ಮುಳ್ಳು.

ಹೊಸರಿತ್ತಿಯಲ್ಲಿ ನಮ್ಮ ಅಜ್ಜನ ಮೈಕ್‌ಸೆಟ್ ಇತ್ತು. ಮದುವೆ, ಜಾತ್ರೆ ಎಂದರೆ ಬೇವಿನ ಮರಕ್ಕೆ ಹಾರ್ನ್ ಕಟ್ಟಿ ಪ್ಲೇಟು ಹಚ್ಚುತ್ತಿದ್ದರು. ಕ್ಯಾಸೆಟ್ ಬಂದ ಮೇಲೆ ಮೈಕ್‌ಸೆಟ್ ಮಾರಿದರು, ಪ್ಲೇಟು ಮತ್ತು ಪ್ಲೇಯರ್ ಮಾರಲಿಲ್ಲ. ಅದರಲ್ಲಿರುವ ಕೆಲವು ನಾಟಕದ ಪದಗಳು ಯೂಟ್ಯೂಬಿನಲ್ಲಿ ಎಷ್ಟು ತಡಕಿದರೂ ನನಗೆ ಸಿಕ್ಕಿಲ್ಲ. “ಮುಳ್ಳು ಹೋದ್ರ ಮತ್ತೊಂದ್ ಸಿಗತೈತಿ. ಪ್ಲೇಟ್ ಹೋದ್ರ ಯಾರ್ ಕೊಡ್ತಾರ ಯವ್ವಾ?” ಎನ್ನುತ್ತಾರೆ ಅಜ್ಜ.

ಕೀಲಿ ಕೊಡುವ ಗ್ರಾಮೋಫೋನಿನ ಕಾಲದಲ್ಲಿ ಲೆಕ್ಕ ಬೇರೆಯಿತ್ತು. 78 ಸುತ್ತಿನ ಪ್ಲೇಟು ಅರಗಿನದು, ಅದಕ್ಕೆ ಕಲ್ಲಿನ ಪುಡಿ ಬೆರೆಸುತ್ತಿದ್ದರು. ಉಕ್ಕಿನ ಮುಳ್ಳು ಆ ಪುಡಿಗೆ ಉಜ್ಜಿ ತಾನೇ ಸವೆದು ಗೆರೆಗೆ ಹೊಂದಿಕೊಳ್ಳುತ್ತಿತ್ತು. ಅದಕ್ಕೇ ಒಂದು ಮಗ್ಗುಲಿಗೆ ಒಂದು ಮುಳ್ಳು, ಮುಗಿದ ಕೂಡಲೇ ಎಸೆಯುವುದು. ಗದಗಿನ ಹುಡುಗ ಭೀಮಸೇನ ಜೋಶಿಗೆ ಸಂಗೀತದ ಹುಚ್ಚು ಹಿಡಿಸಿದ್ದು ಅಬ್ದುಲ್ ಕರೀಂ ಖಾನರ ಇಂಥದೊಂದು ಪ್ಲೇಟು. 1933ರಲ್ಲಿ, 11ನೇ ವಯಸ್ಸಿಗೆ, ಗುರುವನ್ನು ಹುಡುಕಿ ಮನೆ ಬಿಟ್ಟರು. ಸವೆದ ಮುಳ್ಳಿನಲ್ಲಿ ಆ ಠುಮ್ರಿ ಕೇಳಿದ್ದರೆ ಬಿಡುತ್ತಿದ್ದರೋ ಇಲ್ಲವೋ!

1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ವಿನೈಲ್ ಎಲ್‌ಪಿ ತಂದಿತು. ಗೆರೆ ಸಣ್ಣದಾಯಿತು. 78ರ ಮುಳ್ಳಿನ ತುದಿಯ ತ್ರಿಜ್ಯ ಸುಮಾರು 75 ಮೈಕ್ರಾನ್ ಇದ್ದರೆ ಎಲ್‌ಪಿಯದು ಸುಮಾರು 18. ಒಂದರ ಮುಳ್ಳು ಇನ್ನೊಂದಕ್ಕೆ ಆಗದು. ಈಗಿನ ತುದಿ ಹೆಚ್ಚಾಗಿ ವಜ್ರದ್ದು. ವಜ್ರಕ್ಕೇನಾಗುತ್ತದೆ ಎನ್ನಬೇಡಿ, ಸಾಮಾನ್ಯವಾಗಿ 500ರಿಂದ 1000 ಗಂಟೆಯಲ್ಲಿ ಅದೂ ಸವೆಯುತ್ತದೆ. ಸವೆದ ವಜ್ರ ಮೊಂಡಾಗುವುದಿಲ್ಲ, ಎರಡೂ ಬದಿ ಚಪ್ಪಟೆಯಾಗಿ ಅಂಚು ಮೂಡುತ್ತದೆ. ಆ ಅಂಚು ಉಳಿಯಂತೆ ಮೆತ್ತನೆಯ ವಿನೈಲನ್ನು ಕೆತ್ತುತ್ತದೆ. ಉಕ್ಕಿನ ಮುಳ್ಳು ತಾನು ಸತ್ತು ಪ್ಲೇಟು ಉಳಿಸುತ್ತಿತ್ತು, ವಜ್ರ ಪ್ಲೇಟನ್ನೇ ತಿಂದು ತಾನು ಉಳಿಯುತ್ತದೆ.

ಇದಕ್ಕೆ ನಮ್ಮ ಸೀಮೆಯ ಧೂಳು ಬೇರೆ. ಸುಗ್ಗಿಯಲ್ಲಿ ಎರಿಮಣ್ಣು, ಹೊಟ್ಟು ಎಲ್ಲ ಮನೆಯೊಳಗೆ. ಗೆರೆಯಲ್ಲಿ ಕೂತ ಧೂಳನ್ನು ಮುಳ್ಳು ಗುಡಿಸಿ ತನ್ನ ತುದಿಗೆ ಗಂಟು ಕಟ್ಟಿಕೊಳ್ಳುತ್ತದೆ. ಆಗ ಹಾಡಿನಲ್ಲಿ ‘ಸ’, ‘ಶ’ ಬಂದಲ್ಲೆಲ್ಲ ಬಟ್ಟೆ ಹರಿದ ಸದ್ದು. ಸ್ವಚ್ಛ ಮಾಡಿದ ಮೇಲೂ ಆ ಸದ್ದು ಹೋಗದಿದ್ದರೆ ಮುಳ್ಳಿನ ಆಯುಷ್ಯ ಮುಗಿದಿರಬಹುದೆಂದೇ ತಿಳಿಯಿರಿ.

ಸ್ವಚ್ಛ ಮಾಡುವುದು ಅರ್ಧ ನಿಮಿಷದ ಕೆಲಸ. ಮೊದಲು ವಾಲ್ಯೂಮ್ ಪೂರ್ತಿ ಇಳಿಸಿ. ಸಣ್ಣ, ಮೃದುವಾದ ಒಣ ಬ್ರಶ್ಶನ್ನು ಟೋನ್‌ಆರ್ಮಿನ ಬುಡದ ಕಡೆಯಿಂದ ತುದಿಯ ಕಡೆಗೆ, ಅಂದರೆ ಪ್ಲೇಟು ಓಡುವ ದಿಕ್ಕಿಗೆ, ಹಗುರವಾಗಿ ಎಳೆಯಿರಿ. ಅಡ್ಡ ಎಳೆದರೆ ಅಥವಾ ಹಿಂದಕ್ಕೆ ತಳ್ಳಿದರೆ ಮುಳ್ಳು ಹಿಡಿದ ಕೂದಲಿನಂಥ ಕಡ್ಡಿ ಮುರಿಯುತ್ತದೆ. ಬೆರಳು ಬೇಡ, ಕೈಯ ಜಿಡ್ಡಿಗೆ ಧೂಳು ಇನ್ನಷ್ಟು ಅಂಟುತ್ತದೆ. ಸ್ಪಿರಿಟ್ ಬಳಸುವವರೂ ಇದ್ದಾರೆ. ನನಗೆ ಸೇರುವುದಿಲ್ಲ. ಹೆಚ್ಚಾದರೆ ವಜ್ರ ಕೂರಿಸಿದ ಅಂಟು ಸಡಿಲಾದೀತು. 78ರ ಪ್ಲೇಟಿಗಂತೂ ಒಂದು ಹನಿಯೂ ತಾಗಬಾರದು, ಅರಗು ಕರಗುತ್ತದೆ.

ಪಟ್ಟಣದ ಒಂದು ರಿಪೇರಿ ಅಂಗಡಿಯವರು, ಹಾಡು ಜಿಗಿಯುತ್ತದೆಂದು ಅಜ್ಜನ ಪ್ಲೇಯರಿನ ಟೋನ್‌ಆರ್ಮಿಗೆ ರೂಪಾಯಿ ನಾಣ್ಯ ಅಂಟಿಸಿ ಕೊಟ್ಟಿದ್ದರು. ನಾಣ್ಯವೇ ಸುಮಾರು ನಾಲ್ಕು ಗ್ರಾಂ. ಒಳ್ಳೆಯ ಕಾರ್ಟ್ರಿಜ್ಜಿಗೆ ಬೇಕಾದ ಒಟ್ಟು ಭಾರವೇ ಒಂದೂವರೆಯಿಂದ ಮೂರು ಗ್ರಾಂ! ನಾಣ್ಯ ಕಿತ್ತೆವು. ಕಾರ್ಟ್ರಿಜ್ ಮೇಲಿನ ನಂಬರ್ ನೋಡಿ ಹೊಸ ಮುಳ್ಳು ತರಿಸಿದೆವು. ನಂಬರ್ ನೋಡದೆ ಆರ್ಡರ್ ಮಾಡಿದರೆ ದುಡ್ಡು ದಂಡ.

ಈಗ ಅರ್ಜಿ, ಪರೀಕ್ಷೆಗಳ ನಡುವೆ ಭಾನುವಾರಕ್ಕೊಂದು ಪ್ಲೇಟನ್ನು ಲ್ಯಾಪ್‌ಟಾಪಿಗೆ ಇಳಿಸುತ್ತಿದ್ದೇನೆ. 11 ಮುಗಿದಿವೆ. ಅಜ್ಜ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತು ‘ಸ’ ಬರುವುದನ್ನೇ ಕಾಯುತ್ತಿರುತ್ತಾರೆ.