ಹೈದರಾಬಾದಿನ ರೆಸಿಡೆನ್ಸಿ: ವಾಸ್ತು ಮತ್ತು ಐತಿಹ್ಯ

ಚಾರಿತ್ರಿಕ ಸೌಧಗಳ ಅಧ್ಯಯನದಲ್ಲಿ ಐತಿಹ್ಯಗಳನ್ನು ಅಪ್ರಮಾಣವೆಂದು ಬದಿಗಿರಿಸುವುದು ವಾಡಿಕೆ. ಆದರೆ ಕಟ್ಟಡದಿಂದ ಅಳಿದುಹೋದುದನ್ನು ಕೆಲವೊಮ್ಮೆ ಐತಿಹ್ಯವೇ ಉಳಿಸಿಕೊಂಡಿರುತ್ತದೆ. ಹೈದರಾಬಾದಿನ ಕೋಠಿಯಲ್ಲಿರುವ ಬ್ರಿಟಿಷ್ ರೆಸಿಡೆನ್ಸಿ ಇದಕ್ಕೆ ನಿದರ್ಶನ.

ನಿಜಾಮನ ಆಸ್ಥಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆಂಟನಾಗಿದ್ದ ಜೇಮ್ಸ್ ಅಕಿಲಿಸ್ ಕರ್ಕ್‌ಪ್ಯಾಟ್ರಿಕ್ 1803ರ ಸುಮಾರಿಗೆ ಮೂಸಿ ನದಿಯ ಉತ್ತರ ದಂಡೆಯಲ್ಲಿ ಈ ಸೌಧವನ್ನು ಆರಂಭಿಸಿದನು. ವಿನ್ಯಾಸ ಮದ್ರಾಸ್ ಸೇನೆಯ ಎಂಜಿನಿಯರ್ ಸ್ಯಾಮ್ಯುಯೆಲ್ ರಸೆಲ್‌ನದು, ವೆಚ್ಚ ನಿಜಾಮನದು. ಉತ್ತರದ ಮುಖಮಂಟಪದ ಆರು ಕೊರಿಂಥಿಯನ್ ಕಂಬಗಳು, ಅವುಗಳ ಮೇಲೆ ಕಂಪನಿಯ ಲಾಂಛನವುಳ್ಳ ತ್ರಿಕೋನ ಮುಡಿ, ವಿಶಾಲ ಸೋಪಾನದ ಇಕ್ಕೆಲಗಳಲ್ಲಿ ಸಿಂಹಗಳು, ಒಳಗೆ ಎತ್ತರವಾದ ದರ್ಬಾರು ಹಾಲು: ಇವು ಗ್ರೀಕ್-ರೋಮನ್ ಮಾದರಿಯನ್ನು ಅನುಸರಿಸಿದ ನವಶಾಸ್ತ್ರೀಯ ಶೈಲಿಯ ಲಕ್ಷಣಗಳು. ಶಿಲೆಯಂತೆ ತೋರುವ ಕಂಬಗಳು ವಾಸ್ತವವಾಗಿ ನಯಗೊಳಿಸಿದ ಸುಣ್ಣದ ಗಾರೆ ಬಳಿದ ಇಟ್ಟಿಗೆಯವು. ಯುರೋಪಿನ ರೂಪವನ್ನು ಇಲ್ಲಿ ಸಾಧ್ಯವಾಗಿಸಿದ್ದು ದಖನ್ನಿನ ಗಾರೆಕೆಲಸ.

ಈ ಮುಖಮಂಟಪ ಅಧಿಕಾರದ ಪ್ರದರ್ಶನವೂ ಆಗಿತ್ತು. 1857ರ ಜುಲೈನಲ್ಲಿ ತುರ್ರೇಬಾಜ್ ಖಾನ್ ಮತ್ತು ಮೌಲ್ವಿ ಅಲ್ಲಾವುದ್ದೀನರ ನೇತೃತ್ವದ ಬಂಡಾಯಗಾರರು ಆಕ್ರಮಣ ಮಾಡಿದ್ದು ಈ ರೆಸಿಡೆನ್ಸಿಯ ಮೇಲೆಯೇ. ಮರುವರ್ಷ ಹೈದರಾಬಾದಿಗೆ ಬಂದ ಸುರಪುರದ ರಾಜಾ ವೆಂಕಟಪ್ಪನಾಯಕನನ್ನು ಸಾಲಾರ್ ಜಂಗ್ ರೆಸಿಡೆಂಟನ ವಶಕ್ಕೆ ಒಪ್ಪಿಸಿದನು.

ಸೌಧದ ಬಗ್ಗೆ ಎರಡು ಐತಿಹ್ಯಗಳಿವೆ. ಜಾನ್ ಮಾಲ್ಕಮ್ ದಾಖಲಿಸಿದ ಮೊದಲನೆಯದರಂತೆ, ದೊಡ್ಡ ಹಾಳೆಯ ನಕ್ಷೆಯನ್ನು ಕಂಡ ನಿಜಾಮನು ಅನುಮತಿ ನಿರಾಕರಿಸಿದನು. ತನ್ನ ರಾಜ್ಯದ ಭೂಪಟದಷ್ಟೇ ದೊಡ್ಡದಾಗಿದ್ದ ಅದು ಅವನನ್ನು ಬೆಚ್ಚಿಸಿತ್ತು. ಅದೇ ನಕ್ಷೆಯನ್ನು ಸಣ್ಣ ಚೀಟಿಯಲ್ಲಿ ಬರೆದು ತೋರಿಸಿದಾಗ ಒಪ್ಪಿದನು. ಹೇಳಿದವರ ಉದ್ದೇಶ ನಿಜಾಮನನ್ನು ನಗುವುದೇ ಇದ್ದರೂ, ಕಂಪನಿಯ ವಿಸ್ತರಣೆಯ ಕುರಿತ ಆತನ ಆತಂಕ ನಿರಾಧಾರವಾಗಿರಲಿಲ್ಲ.

ಎರಡನೆಯದು ಹಿತ್ತಲ ತೋಟದಲ್ಲಿರುವ ಸೌಧದ ಪುಟ್ಟ ಪ್ರತಿಕೃತಿಗೆ ಸಂಬಂಧಿಸಿದ್ದು. ಗೋಷಾದಲ್ಲಿದ್ದ ಪತ್ನಿ ಖೈರುನ್ನಿಸಾ ಮುಂಭಾಗಕ್ಕೆ ಬರುವಂತಿರಲಿಲ್ಲವಾದ್ದರಿಂದ ಕರ್ಕ್‌ಪ್ಯಾಟ್ರಿಕ್ ಇದನ್ನು ಕಟ್ಟಿಸಿದನೆಂದು ಜನ ಹೇಳುತ್ತಾರೆ. ಅದು ಮಕ್ಕಳ ಆಟದ ಮನೆಯೋ ವಾಸ್ತುಮಾದರಿಯೋ ಆಗಿದ್ದಿರಲೂಬಹುದು. ಆದರೆ ಆಕೆ ವಾಸಿಸಿದ್ದ ರಂಗಮಹಲು 19ನೆಯ ಶತಮಾನದಲ್ಲೇ ನೆಲಸಮವಾಯಿತು. ಬೃಹತ್ ಸೌಧದಲ್ಲಿ ಆಕೆಯ ಗುರುತಿಲ್ಲ. ಜನರ ಮಾತಿನಲ್ಲಿ ಇದೆ.

1949ರಲ್ಲಿ ಮಹಿಳಾ ಕಾಲೇಜು ಈ ಸೌಧಕ್ಕೆ ಬಂದಿತು. 2022ರಲ್ಲಿ ಅದು ವಿಶ್ವವಿದ್ಯಾಲಯವಾಯಿತು. ಈಚಿನ ವರ್ಷಗಳಲ್ಲಿ ಸೌಧದ ಜೀರ್ಣೋದ್ಧಾರವೂ ನಡೆದಿದೆ. ಗಾರೆಯನ್ನು ಉಳಿಸುವಷ್ಟೇ ಎಚ್ಚರದಿಂದ ಐತಿಹ್ಯಗಳನ್ನೂ ಪಾಠಾಂತರಗಳೊಂದಿಗೆ ದಾಖಲಿಸಬೇಕಾದುದು ಅಗತ್ಯ. ಅವು ಘಟನೆಗೆ ಸಾಕ್ಷ್ಯವಾಗದಿದ್ದರೂ, ಆ ಸೌಧವನ್ನು ಜನ ಕಂಡ ಬಗೆಗೆ ಸಾಕ್ಷ್ಯವಾಗುತ್ತವೆ.